ತೆರಕಣಾಂಬಿಯ ಜಗಲಿಗೆ ಬಂದ ಆಫ್ರಿಕಾದ ಹಾಡುಗಾರ್ತಿಯರು

ಆ ಅಮ್ಮನ ಬಾಯಲ್ಲಿ ಉಳಿದಿದ್ದದ್ದು 'ತತ್ತ' ಎಂಬ ಒಂದೇ ಸದ್ದು. ಹೆಸರು ಕೇಳಿದರೆ ತತ್ತ. ಊಟ ಆಯಿತೇ ಎಂದರೆ ತತ್ತ. ಬೇಡವೆಂದು ತಲೆಯಾಡಿಸುವಾಗಲೂ, ಸಿಟ್ಟು ಬಂದು ಎಡಗೈಯಿಂದ ಮೇಜು ಬಡಿಯುವಾಗಲೂ ಅದೇ ತತ್ತ. ಸ್ಟ್ರೋಕ್ ಆಗಿ ಮೂರು ತಿಂಗಳಾಗಿತ್ತು. ಬಲಗೈ ಇನ್ನೂ ಸ್ವಾಧೀನಕ್ಕೆ ಬಂದಿರಲಿಲ್ಲ, ಬಲಗಾಲನ್ನು ಎಳೆದುಕೊಂಡು ನಡೆಯುತ್ತಿದ್ದರು. ಆದರೆ ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. "ಕಿಟಕಿ ತೋರಿಸಿ, ಆಮೇಲೆ ಕಣ್ಣು ಮುಚ್ಚಿ" ಎಂದರೆ ಅದೇ ಕ್ರಮದಲ್ಲಿ ಮಾಡುತ್ತಿದ್ದರು. ತಲೆಯೊಳಗೆ ಮಾತು ಇತ್ತು. ಬಾಯಿಗೆ ಬರುವ ದಾರಿ ಮುಚ್ಚಿಹೋಗಿತ್ತು.

ನಾನು ಚಾಮರಾಜನಗರದ ಒಂದು ಪುನರ್ವಸತಿ ಕೇಂದ್ರದಲ್ಲಿ ವಾಕ್ ಚಿಕಿತ್ಸಕಿ. ಪ್ರತಿ ಬುಧವಾರ ಗುಂಡ್ಲುಪೇಟೆಗೆ ಹೋಗಿ, ಹೆದ್ದಾರಿಯ ಪಕ್ಕದ ಒಂದು ಕೊಠಡಿಯಲ್ಲಿ ಕೂತು, ಆ ತಾಲ್ಲೂಕಿನವರನ್ನು ನೋಡುತ್ತೇನೆ. ಈರುಳ್ಳಿ, ತರಕಾರಿ ಹೊತ್ತು ಕೇರಳಕ್ಕೆ ಹೋಗುವ ಲಾರಿಗಳು ಹಾರ್ನ್ ಹೊಡೆದಾಗ ನಾನು, ಎದುರು ಕೂತವರು ಇಬ್ಬರೂ ಬಾಯಿ ಮುಚ್ಚಿ ಕಾಯುತ್ತೇವೆ. ಆ ಅಮ್ಮ ತೆರಕಣಾಂಬಿಯವರು. ವಯಸ್ಸು ಐವತ್ತು ದಾಟಿತ್ತು. ಸೊಸೆ ಬಸ್ಸಿನಲ್ಲಿ ಕರೆದುಕೊಂಡು ಬರುತ್ತಿದ್ದಳು.

ಮೊದಲ ದಿನವೇ ಸೊಸೆ ನನಗೆ ಹೇಳಿದ್ದಳು: "ನಮ್ಮತ್ತ ಸೋಬಾನ ಪದ ಯೋಳದ್ರಲ್ಲಿ ಎತ್ತಿದ ಕೈ ಕಣಿ ಮೇಡಂ. ಸುತ್ತಮುತ್ಲ ಊರಲ್ಲಿ ಯಾರ್ ಮನ ಮದ್ವ ಆದ್ರೂ ಇವ್ರೇ ಮುಂದಾಳು. ಇವ್ರು ಎತ್ಕೊಟ್ರೆ ಮಿಕ್ಕದೋರು ಇಂದ ಯೋಳದು. ಒಂದ್ ಮನೇಲಿ ಯೋಳಿದ್ ಪದ್ವ ಇನ್ನೊಂದ್ ಮನೇಲಿ ಯೋಳ್ತಿರ್ನಿಲ್ಲ."

ಅದನ್ನು ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು. ಮಾತು ಕಳೆದುಕೊಂಡ ಎಷ್ಟೋ ಜನ ಹಾಡನ್ನು ಕಳೆದುಕೊಂಡಿರುವುದಿಲ್ಲ. 'ನೀರು' ಎನ್ನಲಾಗದವರು ಚಿಕ್ಕಂದಿನ ಹಾಡನ್ನು ಪದ ಸಮೇತ ಹಾಡಿದ್ದನ್ನು ನಾನೇ ಕಂಡಿದ್ದೇನೆ. ಆ ಹಾಡಿನ ದಾರಿ ಹಿಡಿದೇ ಮಾತಿಗೆ ಬರುವ ಒಂದು ವಿಧಾನವಿದೆ. ಒಂದು ಎತ್ತರದ ಸ್ವರ, ಒಂದು ತಗ್ಗಿನ ಸ್ವರ, ಎರಡೇ ಸಾಕು. ರೋಗಿಯ ಎಡಗೈ ಹಿಡಿದು ಒಂದೊಂದು ಅಕ್ಷರಕ್ಕೂ ಒಂದೊಂದು ತಟ್ಟು ಹಾಕಿಸಬೇಕು. ಮೊದಲು ಬರೀ ಗುನುಗು, ಆಮೇಲೆ ಇಬ್ಬರೂ ಕೂಡಿ ಪದ ಹಾಡುವುದು, ಆಮೇಲೆ ಚಿಕಿತ್ಸಕಿ ನಡುವೆ ದನಿ ನಿಲ್ಲಿಸಿ ರೋಗಿಯನ್ನು ಒಂಟಿಯಾಗಿ ಮುಂದೆ ಬಿಡುವುದು. ಪರಿಚಿತ ಹಾಡಿನಿಂದ ಶುರು ಮಾಡಿ ಎಂದು ನಮಗೆ ಕಲಿಸಿದ್ದಾರೆ. ನೂರಾರು ಹಾಡು ಗೊತ್ತಿರುವವರೇ ಸಿಕ್ಕಿದ್ದರಲ್ಲ, ಆರು ವಾರದಲ್ಲಿ ಮಾತು ತರಿಸಿಯೇನು ಎಂದುಕೊಂಡೆ.

ಐದನೇ ವಾರಕ್ಕೂ ತತ್ತ ಬಿಟ್ಟು ಬೇರೆ ಏನೂ ಬರಲಿಲ್ಲ. ಗುನುಗಲು ಹೇಳಿದರೆ ತುಟಿ ಬಿಗಿಹಿಡಿಯುತ್ತಿದ್ದರು. ಆಗ ನಾನು ಒಂದು ಕೆಲಸ ಮಾಡಿದೆ, ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಸೊಸೆಯ ಫೋನಿನಲ್ಲಿ ಅವಳ ಮದುವೆಯ ದಿನದ ಒಂದು ವಿಡಿಯೊ ಇತ್ತು. ಅದರಲ್ಲಿ ಅತ್ತೆಯೇ ಮುಂದಾಗಿ ಸೋಬಾನೆ ಹೇಳುತ್ತಿದ್ದರು. ಅದನ್ನು ಮೇಜಿನ ಮೇಲಿಟ್ಟು ಜೋರಾಗಿ ಹಾಕಿದೆ.

ಮೊದಲ ಸಾಲಿಗೆ ಆ ಅಮ್ಮನ ಮುಖ ಅರಳಿತು. ಎರಡನೇ ಸಾಲಿಗೆ ತಮ್ಮದೇ ದನಿಯ ಜೊತೆ ಸೇರಿಕೊಳ್ಳಲು ಬಾಯಿ ತೆರೆದರು. ಬಂದದ್ದು, "ತತ್ತ ತತ್ತ ತತ್ತ." ಫೋನಿನಲ್ಲಿದ್ದ ಹೆಂಗಸು ಸರಾಗವಾಗಿ ಮುಂದೆ ಹೋಗುತ್ತಲೇ ಇದ್ದಳು. ಅವರು ಎರಡನ್ನೂ ಕೇಳಿಸಿಕೊಂಡರು. ಎಡಗೈ ಚಾಚಿ ಫೋನನ್ನು ಬೋರಲು ಹಾಕಿದರು. ಅಳಲಿಲ್ಲ. ಸೊಸೆಯ ಹೆಗಲು ಹಿಡಿದು ಎದ್ದು ಹೊರಗೆ ಹೊರಟುಹೋದರು.

ಮುಂದಿನ ಬುಧವಾರ ಬರಲಿಲ್ಲ. ಅದರ ಮುಂದಿನ ಬುಧವಾರವೂ ಬರಲಿಲ್ಲ.

ಚಾಮರಾಜನಗರದಲ್ಲಿ ನನ್ನ ಹಿರಿಯ ವೈದ್ಯೆ ಫೈಲು ತಿರುವಿ ನೋಡಿದರು. ಗಟ್ಟಿ ಮನಸ್ಸಿನವರು, ಆದರೆ ಅನ್ಯಾಯದ ಮಾತಾಡುವವರಲ್ಲ. "ಇನ್ನು ನಾಲ್ಕು ವಾರ ನೋಡಿ. ಏನೂ ಬದಲಾವಣೆ ಇಲ್ಲದಿದ್ದರೆ ಮನೆಯಲ್ಲಿ ಮಾಡೋ ಅಭ್ಯಾಸ ಬರೆದುಕೊಟ್ಟು ಫೈಲು ಮುಚ್ಚಿಬಿಡಿ. ಗುಂಡ್ಲುಪೇಟೆ ಪಟ್ಟಿಯಲ್ಲಿ ಕಾಯ್ತಾ ಇರೋರು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು" ಎಂದರು. ಗೊತ್ತಿತ್ತು. ಸ್ಟ್ರೋಕ್ ಆದ ಮೊದಲ ಕೆಲವು ತಿಂಗಳಲ್ಲಿ ಮಿದುಳು ಹೊಸ ದಾರಿಗೆ ತೆರೆದುಕೊಂಡಿರುವಷ್ಟು ಆಮೇಲೆ ತೆರೆದುಕೊಂಡಿರುವುದಿಲ್ಲ ಎಂಬುದೂ ಗೊತ್ತಿತ್ತು. ಫೈಲು ಮುಚ್ಚಿದರೆ ಆ ಅಮ್ಮನ ಪಾಲಿಗೆ ತತ್ತವೇ ಕಾಯಂ ಆಗಬಹುದಿತ್ತು.

ಆ ಬುಧವಾರ ಮಧ್ಯಾಹ್ನ ಗುಂಡ್ಲುಪೇಟೆಯಿಂದ ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಫೋನಿನಲ್ಲಿ ಹುಡುಕುತ್ತಿದ್ದೆ. ಒಬ್ಬರು ಎತ್ತಿಕೊಟ್ಟು ಉಳಿದವರು ಹಿಂದೆ ಹೇಳುವ ಹೆಂಗಸರ ಹಾಡುಗಳು, ಪದ ಕಡಿಮೆ ಇರುವಂಥವು, ಅಭ್ಯಾಸಕ್ಕೆ ಬೇಕಿತ್ತು. ನಮ್ಮ ಕಡೆಯ ಎರಡು ಮೂರು ಹಾಡು ಕೇಳಿದೆ. ನಾಲ್ಕನೆಯದಾಗಿ ಬಂದದ್ದು ಯಾವುದೋ ಗೊತ್ತಿಲ್ಲದ ಊರಿನದು. ಕೆಳಗೆ ಮಾಲಿ ದೇಶ ಎಂದಿತ್ತು.

ಒಂದು ದೊಡ್ಡ ಪಾತ್ರೆಯ ನೀರಿನ ಮೇಲೆ ಸೋರೆಬುರುಡೆಯ ಅರ್ಧ ಹೋಳನ್ನು ಬೋರಲು ತೇಲಿಬಿಟ್ಟು ಒಬ್ಬಳು ಬಡಿಯುತ್ತಿದ್ದಳು. ನೆಲದ ಅಡಿಯಿಂದ ಬಂದ ಹಾಗಿತ್ತು ಆ ಸದ್ದು. ಅದರ ಮೇಲೆ ಹಾಡುಗಾರ್ತಿ ದನಿ ತೆಗೆದಳು. ನನ್ನ ವಯಸ್ಸಿನವಳೇ ಇರಬೇಕು. ಕೈಯಲ್ಲಿ ಗಿಟಾರ್ ಇತ್ತು, ಹಿಂದೆ ಸ್ಟುಡಿಯೊದ ಗೋಡೆ ಇತ್ತು. ಅವಳು ದನಿಯನ್ನು ನುಣುಪು ಮಾಡಿರಲಿಲ್ಲ. ಉಸಿರು ಎಳೆದುಕೊಂಡದ್ದು ಕೇಳುತ್ತಿತ್ತು, ಗಂಟಲ ತರಿ ಕೇಳುತ್ತಿತ್ತು. ಒಂದು ಸಾಲು ಹಾಡಿ ನಿಲ್ಲಿಸುತ್ತಿದ್ದಳು. ಆ ನಿಲುಗಡೆಯಲ್ಲಿ ಹಿಂದಿನ ಮೂವರು ಹೆಂಗಸರು ಒಂದೇ ಉಸಿರಿಗೆ ಉತ್ತರ ಕೊಡುತ್ತಿದ್ದರು. ಅವರ ಉತ್ತರ ಮುಗಿಯುವ ಮೊದಲೇ ಅವಳು ಮುಂದಿನ ಸಾಲನ್ನು ಅದರ ಬೆನ್ನ ಮೇಲೆ ಹತ್ತಿಸುತ್ತಿದ್ದಳು. ಒಂದು ಪದವೂ ತಿಳಿಯಲಿಲ್ಲ. ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದರಂತೆ. ಮೂರನೆಯ ಸಲ ಭುಜದ ಹತ್ತಿರ ಚಿಟಿಕೆ ಹೊಡೆದರು.

ಆಮೇಲಿನ ದಿನಗಳಲ್ಲಿ ನಾನು ಬೇರೆ ಏನನ್ನೂ ಕೇಳಲಿಲ್ಲ. ಒಬ್ಬಳಿಂದ ಇನ್ನೊಬ್ಬಳಿಗೆ ದಾರಿ ಸಿಗುತ್ತಿತ್ತು. ಜಿಂಬಾಬ್ವೆಯ ಒಬ್ಬಳು ಮರದ ಹಲಗೆಗೆ ಜೋಡಿಸಿದ ಕಬ್ಬಿಣದ ಪಟ್ಟಿಗಳನ್ನು ಹೆಬ್ಬೆರಳಿನಿಂದ ಮೀಟುತ್ತ ಹಾಡುತ್ತಿದ್ದಳು. ಆ ವಾದ್ಯವನ್ನು ಹಿಂದೆ ಹೆಚ್ಚಾಗಿ ಗಂಡಸರೇ ನುಡಿಸುತ್ತಿದ್ದರಂತೆ. ಮಳೆಹನಿ ತಗಡಿನ ಮೇಲೆ ಬಿದ್ದಂಥ ಆ ನಾದದ ನಡುವೆ ಅವಳ ದನಿ ಅವಸರವಿಲ್ಲದೆ ನಡೆಯುತ್ತಿತ್ತು. ಇಥಿಯೋಪಿಯಾದ ಒಬ್ಬಳ ಹಾಡು ಕೇಳಿ ನಾನು ಎದ್ದು ಕೂತೆ. ಐದೇ ಸ್ವರ, ನಮ್ಮ ಮೋಹನ ರಾಗದವೇ ಐದು ಸ್ವರ. ಆದರೆ ಅವಳು ಅವುಗಳನ್ನು ನಡುಗಿಸುವ ರೀತಿ ಬೇರೆ, ನಿಲ್ಲುವ ಜಾಗ ಬೇರೆ. ಸಹಾರಾದ ಅಂಚಿನ ಒಬ್ಬಳು ಎಲೆಕ್ಟ್ರಿಕ್ ಗಿಟಾರ್ ಹಿಡಿದು, ತಲೆಗೆ ಸೆರಗು ಹೊದ್ದು, ಗಂಡಸರ ಗುಂಪಿನ ಮುಂದೆ ನಿಂತು ನುಡಿಸುತ್ತಿದ್ದಳು. ಇಷ್ಟು ವರ್ಷ ಕಿವಿಯ ಕೆಲಸವನ್ನೇ ಮಾಡಿಕೊಂಡು ಬಂದವಳಿಗೆ ಒಂದು ಇಡೀ ಖಂಡದ ಹೆಂಗಸರ ದನಿ ಕೇಳಿಸಿಯೇ ಇರಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ಎಲ್ಲರಿಗಿಂತ ಹೆಚ್ಚು ದಂಗುಬಡಿಸಿದವಳು ದಕ್ಷಿಣ ಆಫ್ರಿಕಾದ ಒಬ್ಬ ಹಾಡುಗಾರ್ತಿ. ಅವಳ ಭಾಷೆಯಲ್ಲಿ ಲೊಚಗುಟ್ಟುವ ಸದ್ದುಗಳು ಅಕ್ಷರಗಳು. ನಾಲಿಗೆಯ ತುದಿಯಿಂದ ಒಂದು, ಅಂಗುಳಿನಿಂದ ಒಂದು, ದವಡೆಯ ಪಕ್ಕದಿಂದ ಒಂದು. ಪುಸ್ತಕದಲ್ಲಿ ಅವುಗಳ ಚಿಹ್ನೆ ಬರೆದು ಪರೀಕ್ಷೆ ಪಾಸಾಗಿದ್ದೆ. ಒಂದು ಹೆಣ್ಣು ಅವುಗಳನ್ನು ಸ್ವರದ ನಡುವೆ, ತಾಳ ತಪ್ಪದೆ, ನಗುತ್ತಾ ಪೋಣಿಸುವುದನ್ನು ಕೇಳಿರಲಿಲ್ಲ. ನಾವು ದನ ಹೊಡೆಯುವುದಕ್ಕೆ, ಅಯ್ಯೋ ಪಾಪ ಎನ್ನುವುದಕ್ಕೆ ಇಟ್ಟುಕೊಂಡು ಮಾತಿನಿಂದ ಹೊರಗೆ ನಿಲ್ಲಿಸಿದ ಸದ್ದುಗಳನ್ನು ಅವರ ಹಿರಿಯರು ಮಾತಿನ ಒಳಗೆ ತಂದು, ಅದಕ್ಕೊಂದು ಇಡೀ ವ್ಯಾಕರಣ ಕಟ್ಟಿಕೊಂಡಿದ್ದರು.

ಒಂದು ಬೆಳಿಗ್ಗೆ ಬಟ್ಟೆ ಒಣಗಿಸುತ್ತಾ ಮಾಲಿಯವಳ ಹಾಡಿನ ಉತ್ತರದ ಸಾಲನ್ನು ಹಾಡಲು ಹೋದೆ. ತಲೆಯಲ್ಲಿ ಹಾಡು ಸ್ಪಷ್ಟವಾಗಿತ್ತು. ಬಾಯಲ್ಲಿ ಬಂದದ್ದು ಏನೋ ಒಂದು ತಬತಬ. ಮತ್ತೆ ಪ್ರಯತ್ನಿಸಿದೆ, ಅದೇ ತಬತಬ. ಕೈಯಲ್ಲಿದ್ದ ಒದ್ದೆ ಸೀರೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಆ ಅಮ್ಮ ನನ್ನ ಮೇಜಿನ ಎದುರು ಕೂತಾಗ ಆಗುತ್ತಿದ್ದದ್ದು ಇದೇ. ಕೇಳುತ್ತದೆ, ತಿಳಿಯುತ್ತದೆ, ಬಾಯಿ ಬೇರೆ ಏನನ್ನೋ ಮಾಡುತ್ತದೆ. ಅದರ ಮೇಲೆ ಅವರಿಗೆ ತಮ್ಮ ಸೋಬಾನೆಯ ಒಂದೊಂದು ಪದವೂ ಗೊತ್ತು. ಎಷ್ಟು ತಪ್ಪಿತು ಎಂಬುದು ಅವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ನಾನು ಅವರನ್ನು ಅವರದೇ ಹಾಡಿನ ಪರೀಕ್ಷೆಗೆ ಕೂರಿಸಿದ್ದೆ. ಯಾರಿಗೂ ಪದ ಗೊತ್ತಿಲ್ಲದ ಹಾಡಾದರೆ? ಅಲ್ಲಿ ತಪ್ಪು ಎಂಬುದೇ ಇರುವುದಿಲ್ಲ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತ ಹಾಗೆ.

ಪರಿಚಿತ ಹಾಡಿನಿಂದ ಶುರು ಮಾಡಿ ಎಂದು ಕಲಿಸಿದ್ದಕ್ಕೆ ಇದು ನೇರ ವಿರುದ್ಧ. ಕೆಲಸ ಮಾಡದೆ ಹೋದರೆ ಉಳಿದಿದ್ದ ನಾಲ್ಕು ವಾರವನ್ನೂ ನಾನೇ ಹಾಳು ಮಾಡಿದ ಹಾಗೆ. ಎರಡು ದಿನ ಹಿಂದೆ ಮುಂದೆ ನೋಡಿದೆ. ಕೊನೆಗೆ ಮುಂದಿನ ಬುಧವಾರ ಗುಂಡ್ಲುಪೇಟೆಯ ಕೆಲಸ ಮುಗಿಸಿ ಬರುವಾಗ ಚಾಮರಾಜನಗರದ ತನಕ ಟಿಕೆಟ್ ತೆಗೆದುಕೊಳ್ಳದೆ ತೆರಕಣಾಂಬಿಯಲ್ಲಿ ಇಳಿದೆ. ಹೆಸರು ಹೇಳಿಸಲು ಬಳಸುವ ಚಿತ್ರದ ಕಾರ್ಡುಗಳನ್ನು ಕೊಠಡಿಯಲ್ಲೇ ಬಿಟ್ಟು ಬಂದಿದ್ದೆ.

ಆ ಅಮ್ಮ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಒಂದೇ ಕೈಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ಕಂಡು ಮುಖ ಆಚೆ ತಿರುಗಿಸಿದರು. ಸೊಸೆ ಚಾಪೆ ಹಾಕಿದಳು. ಅಮ್ಮನ ಗಂಡ, ಅರಿಸಿನ ಬೆಳೆಯುವ ರೈತ, ಕೊಟ್ಟಿಗೆಯಿಂದ ಬಂದು ಕಂಬಕ್ಕೆ ಒರಗಿ ನಿಂತರು.

"ಮಾತಾಡ್ಸಕ್ಕ ಬಂದಿಲ್ಲ ಕಣವ್ವ. ಒಂದು ಪದ ಕೇಳ್ಸಕ್ಕ ಬಂದೆ" ಎಂದೆ. ನಾನೂ ಇದೇ ತಾಲ್ಲೂಕಿನ ಬೇಗೂರಿನವಳು, ಮನೆಯ ಮಾತು ಬಾಯಿಗೆ ಬರಲು ಕಷ್ಟವಿಲ್ಲ. "ನಂಗೂ ಅರ್ಥ ಆಯ್ತಿಲ್ಲ. ನೀವೂ ಒಂಚೂರು ಕೇಳಿ."

ಫೋನನ್ನು ಗೋಡೆಗೆ ಒರಗಿಸಿ ಮಾಲಿಯವಳನ್ನು ಹಾಕಿದೆ. ಬುರುಡೆಯ ಸದ್ದು ಬಂದಾಗ ಅಮ್ಮನ ಬೆರಳುಗಳು ನಿಂತವು. ಹಾಡು ಶುರುವಾದಾಗ ತಲೆ ನಿಧಾನವಾಗಿ ಈ ಕಡೆ ತಿರುಗಿತು. ಅವರು ಕೇಳುತ್ತಿದ್ದ ರೀತಿ ನನ್ನದಲ್ಲ. ನಾನು ಬೆರಗಾಗಿ ಕೇಳಿದ್ದೆ. ಅವರು ಅದೇ ಕಸುಬಿನ ಇನ್ನೊಬ್ಬಳನ್ನು ಅಳೆಯುವ ಹಾಗೆ, ಹುಬ್ಬು ಕೂಡಿಸಿ, ಕೇಳುತ್ತಿದ್ದರು. ಹಿಂದಿನ ಮೂವರು ಎರಡನೆಯ ಸಲ ಉತ್ತರ ಕೊಟ್ಟಾಗ ಒಮ್ಮೆ ತಲೆದೂಗಿದರು. ಎಡಗೈ ಮೊರದ ಅಂಚಿಗೆ ಹೋಗಿ ತಾಳ ಹಿಡಿಯಿತು. ಐದು ವಾರ ನಾನು ಕೈ ಹಿಡಿದು ಹಾಕಿಸಿದರೂ ಹಾಕದ ತಾಳ.

ಗಂಡನಿಗೆ ಇದು ಹಿಡಿಸಲಿಲ್ಲ. "ಮೇಡಮ್ಮಾರೆ, ಬ್ಯಾಸ್ರ ಮಾಡ್ಕಬ್ಯಾಡಿ. ಅವಳ್ಗ ಕನ್ನಡ್ವೇ ಬತ್ತಾ ಇಲ್ಲ. ನೀವು ಯಾವ್ದೋ ಸೀಮ ಬಾಸ ಕಲ್ಸಕ್ಕ ಕುಂತಿದ್ದರಿ. ಇದ್ಯಾವ್ ನ್ಯಾಯ?"

"ನಾಲ್ಕು ವಾರ ಬುಡಿ ಅಪ್ಪಾಜಿ. ಆಗ್ನಿಲ್ಲ ಅಂದ್ರ ನೀವು ಯೋಳ್ದಂಗೆ ಕೇಳ್ತೀನಿ" ಎಂದೆ. ಅವರು ಟವೆಲ್ ಒದರಿ ಒಳಗೆ ಹೋದರು. ಆ ಅಮ್ಮ ಮಾತ್ರ ಫೋನಿನ ಕಡೆ ಎಡಗೈ ಚಾಚಿ, ಬೆರಳು ಸುತ್ತಿಸಿ ತೋರಿಸಿದರು. ಇನ್ನೊಂದು ಸಲ ಹಾಕು.

ವಾರಕ್ಕೆ ಎರಡು ಸಲ ಹೋಗತೊಡಗಿದೆ. ಬುಧವಾರ ಕೆಲಸ ಮುಗಿಸಿ ಬರುವಾಗ ಒಮ್ಮೆ, ಶನಿವಾರ ಮಧ್ಯಾಹ್ನ ಒಮ್ಮೆ. ಕ್ರಮ ಒಂದೇ ಇಟ್ಟುಕೊಂಡೆ. ಮೊದಲು ಹಾಡನ್ನು ಪೂರ್ತಿ ಕೇಳುವುದು. ಎರಡನೆಯ ಸಲ ಬರೀ ತಾಳ. ಮೂರನೆಯ ಸಲ ಉತ್ತರದ ಸಾಲಿಗೆ ನಾನು, ಸೊಸೆ ಬಾಯಿ ಹಾಕುವುದು. ಅಮ್ಮನನ್ನು ಏನೂ ಕೇಳುವ ಹಾಗಿಲ್ಲ, 'ಭೇಷ್' ಎನ್ನುವ ಹಾಗೂ ಇಲ್ಲ. ಹಾಡುಗಾರ್ತಿಯರ ಹೆಸರು ಸೊಸೆಯ ನಾಲಿಗೆಗೆ ಹತ್ತಲಿಲ್ಲ. ಮಾಲಿಯವಳು ಬುರುಡೆ ಅಕ್ಕ ಆದಳು. ಜಿಂಬಾಬ್ವೆಯವಳು ಹೆಬ್ಬೆಟ್ಟಕ್ಕ. ದಕ್ಷಿಣ ಆಫ್ರಿಕಾದವಳು ಲೊಚ್ಚಕ್ಕ. ಹಾಡಿನ ಅರ್ಥ ಏನು ಎಂದು ಒಮ್ಮೆ ಕೇಳಿದಳು. ಬುರುಡೆ ಅಕ್ಕನ ಹಾಡಿನ ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದಿತ್ತು. ಮದುವೆಯಾಗಿ ದೂರದೂರಿಗೆ ಹೋದ ಗೆಳತಿಯನ್ನು ನೆನೆದು ಕರೆಯುವ ಹಾಡಂತೆ ಎಂದೆ. ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಅಮ್ಮ ಫೋನಿನ ಪರದೆಯ ಮೇಲಿನ ಆ ಮುಖವನ್ನು ಬೆರಳಿನಿಂದ ಒಮ್ಮೆ ಮುಟ್ಟಿದರು.

ಎರಡನೆಯ ವಾರವೂ ದನಿ ಬರಲಿಲ್ಲ. ನನ್ನ ಪುಸ್ತಕದಲ್ಲಿ 'ತಾಳ ಇದೆ, ಗಮನ ಇದೆ, ಧ್ವನಿ ಇಲ್ಲ' ಎಂದು ಬರೆದು ಬರೆದು ಸಾಕಾಗಿತ್ತು.

ಆ ಶನಿವಾರ ಲೊಚ್ಚಕ್ಕನ ಹಾಡು ಹಾಕಿದ್ದೆ. ದವಡೆಯ ಪಕ್ಕದಿಂದ ಬರುವ ಆ ಸದ್ದನ್ನು ನಾನೂ ಸೊಸೆಯೂ ಹಾಡಿನ ಜೊತೆಗೆ ಹೊಂದಿಸಲು ಒದ್ದಾಡುತ್ತಿದ್ದೆವು. ಸದ್ದು ಮಾಡಿದರೆ ಸ್ವರ ನಿಲ್ಲುತ್ತಿತ್ತು, ಸ್ವರ ಹಿಡಿದರೆ ಸದ್ದು ಜಾರುತ್ತಿತ್ತು. ಸೊಸೆಗೆ ನಗು ತಡೆಯಲಾಗಲಿಲ್ಲ. ಆಗ ಪಕ್ಕದಿಂದ ಒಂದು 'ಟ್ಲಕ್' ಬಂತು. ಸರಿಯಾದ ಜಾಗದಲ್ಲಿ, ಸರಿಯಾದ ತಾಳಕ್ಕೆ. ಮುಂದಿನ ಸಾಲಿಗೆ ಎರಡು, ಟ್ಲಕ್ ಟ್ಲಕ್. ಅಮ್ಮನ ಬಾಯಿ ಎಡಕ್ಕೆ ಸೊಟ್ಟಗಾಗಿತ್ತು, ಕಣ್ಣು ಫೋನಿನ ಮೇಲಿತ್ತು.

ಕೊಟ್ಟಿಗೆಯಿಂದ ಗಂಡನ ದನಿ ಕೇಳಿತು. "ಯಾರದು ಹಸ ಹೊಡೀತಿರದು?"

ಅವರು ಹುಲ್ಲಿನ ಹೊರೆ ಹಿಡಿದುಕೊಂಡೇ ಜಗಲಿಗೆ ಬಂದರು. ಹೆಂಡತಿ ಮತ್ತೆ ಟ್ಲಕ್ ಎಂದರು. ಆ ಮನುಷ್ಯ ಹುಲ್ಲು ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟರು. "ಇವ್ಳೇನಾ? ಸಂದೆ ಹೊತ್ಗ ಹಸ ಒಳೀಕ್ ಹೊಡಿಯಾಗ ಇಂಗೇ ಮಾಡ್ತಿದ್ದದ್ದು. ಸ್ಟ್ರೋಕ್ ಆದ್ಮೇಕ ಕೇಳೇ ಇರ್ನಿಲ್ಲ ಕಣವ್ವ."

ಬೇಕೆಂದು ಮಾಡಲು ಹೋದರೆ ಬಾರದ ಚಲನೆ, ಯೋಚಿಸದೆ ಮಾಡಿದಾಗ ಬರುವುದು ಈ ಕಾಯಿಲೆಯಲ್ಲಿ ಹೊಸದಲ್ಲ. ಅದು ನನಗೆ ತಿಳಿದ ವಿಷಯ. ಆದರೂ ಸಾವಿರಾರು ಮೈಲಿ ಆಚೆ, ತನ್ನ ಪಾಡಿಗೆ ತಾನು ತನ್ನ ಭಾಷೆಯಲ್ಲಿ ಹಾಡಿಟ್ಟ ಒಬ್ಬಳು, ಎಂದೂ ಹೆಸರು ಕೇಳದ ತೆರಕಣಾಂಬಿಯ ಒಂದು ಜಗಲಿಯಲ್ಲಿ ಈ ಬೀಗ ತೆಗೆದಳಲ್ಲ ಎನಿಸಿತು. ಪುಸ್ತಕ ತೆಗೆದು 'ಟ್ಲಕ್' ಎಂದಷ್ಟೇ ಬರೆದೆ.

ಅಲ್ಲಿಂದ ಮುಂದಿನದು ಬೇಗ ಆಯಿತು ಎಂದರೆ ಸುಳ್ಳಾಗುತ್ತದೆ. ಮೂರನೆಯ ವಾರದ ಬುಧವಾರ ಜ್ವರ ಬಂದು ಮಲಗಿದ್ದರು. ಶನಿವಾರ ಬುರುಡೆ ಅಕ್ಕನ ಉತ್ತರದ ಸಾಲಿಗೆ 'ಓ' ಎಂಬ ದನಿ ಬಂತು. ಸ್ವರ ಅಲುಗಾಡುತ್ತಿತ್ತು, ಆದರೆ ಅದು ತತ್ತ ಆಗಿರಲಿಲ್ಲ. ಹಾಡು ನಿಂತ ಕೂಡಲೇ ಮತ್ತೆ ತತ್ತ. ನಾಲ್ಕನೆಯ ವಾರ ಆ 'ಓ' ಏರಿತು, ಇಳಿಯಿತು, ಆ ಮೂವರು ಹೆಂಗಸರ ಜೊತೆ ನಾಲ್ಕನೆಯವರಾಗಿ ಕೊನೆಯ ತನಕ ಹೋಗಿ ನಿಂತಿತು. ಪದ ಮಾತ್ರ ಇಲ್ಲ. ಫೈಲು ಮುಚ್ಚುವ ದಿನ ಹತ್ತಿರವಾಗಿತ್ತು. ದನಿ ಬಂದಿದೆ ಎಂದು ಬರೆಯಬಹುದಿತ್ತು, ಮಾತು ಬಂದಿದೆ ಎಂದು ಬರೆಯುವ ಹಾಗಿರಲಿಲ್ಲ.

ಕೊನೆಯ ಶನಿವಾರ ಫೋನಿನಲ್ಲಿ ಹಾಡು ಹಾಕಲಾಗಲಿಲ್ಲ. ನೆಟ್‌ವರ್ಕ್ ಇರಲಿಲ್ಲ, ಹಾಡನ್ನು ಇಳಿಸಿಕೊಂಡೂ ಇರಲಿಲ್ಲ. ಬೇರೆ ದಾರಿ ಕಾಣದೆ ಬುರುಡೆ ಅಕ್ಕ ಎತ್ತಿಕೊಡುವ ಸಾಲನ್ನು ನಾನೇ ಹಾಡುತ್ತೇನೆ, ನೀವಿಬ್ಬರೂ ಉತ್ತರ ಕೊಡಿ ಎಂದೆ. ನಾನು ಒಳ್ಳೆಯ ಹಾಡುಗಾರ್ತಿಯಲ್ಲ. ಸಾಲಿನ ನಡುವೆ ದನಿ ಮೇಲೆ ಹೋಗಿ ಒಂದು ಗಳಿಗೆ ತೂಗಿ ಇಳಿಯಬೇಕಾದ ಕಡೆ ನಾನು ಸೀದಾ ಇಳಿದುಬಿಟ್ಟೆ. ಅಮ್ಮ ಉತ್ತರ ಕೊಡಲಿಲ್ಲ. ಮತ್ತೆ ಹಾಡಿದೆ, ಮತ್ತೆ ಸೀದಾ ಇಳಿದೆ. ಮೂರನೆಯ ಸಲವೂ ಅದೇ.

ಅಮ್ಮ ಎಡಗೈ ಎತ್ತಿ ನನ್ನನ್ನು ತಡೆದರು.

"ಅಂಗಲ್ಲ."

ನನಗೆ ಮೊದಲು ತಿಳಿಯಲೇ ಇಲ್ಲ. ಸರಿ ಎಂದುಕೊಂಡು ಇನ್ನೊಮ್ಮೆ ಹಾಡಲು ಬಾಯಿ ತೆರೆದೆ. ಸೊಸೆ ನನ್ನ ತೋಳು ಗಟ್ಟಿಯಾಗಿ ಹಿಡಿದಳು. "ಅತ್ತ, ಏನಂದ್ರಿ? ಏನಂದ್ರಿ ಈಗ?"

ಆ ಅಮ್ಮನೇ ಬೆಚ್ಚಿದ ಹಾಗೆ ಕೂತಿದ್ದರು. ತುಟಿಗಳು ಹುಡುಕಾಡಿದವು. "ತತ್ತ" ಎಂದರು, ತಲೆ ಕೊಡವಿದರು, ಮೊರದ ಮೇಲೆ ಎರಡು ಸಲ ತಟ್ಟಿದರು. "ಅಂಗ... ಅಂಗಲ್ಲ." ಆಮೇಲೆ ನನ್ನ ಕಡೆ ನೋಡಿ, ಪದವಿಲ್ಲದೆ, ಬರೀ 'ಓ'ದಲ್ಲಿ, ಬುರುಡೆ ಅಕ್ಕನ ಇಡೀ ಸಾಲನ್ನು ಹಾಡಿ ತೋರಿಸಿದರು. ಮೇಲೆ ಹೋದರು, ತೂಗಿದರು, ಇಳಿದರು. ಮುಂದಾಳು ಹಾಡುವ ಸಾಲು ಅದು. ಅದನ್ನು ಹಾಡಿ ಎಂದು ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ.

ಸೊಸೆ ಸೆರಗನ್ನು ಬಾಯಿಗೆ ಒತ್ತಿ ಅಳುತ್ತಿದ್ದಳು. ಗಂಡ ಬಾಗಿಲಲ್ಲಿ ನಿಂತಿದ್ದರು. ನಾನು ಮತ್ತೆ ಹಾಡಿದೆ, ಈ ಸಲ ಅವರು ತೋರಿಸಿದ ಹಾಗೆ. ಅಮ್ಮ ಒಪ್ಪಿದವರ ಹಾಗೆ ಗದ್ದ ಆಡಿಸಿ, ಉತ್ತರ ಕೊಟ್ಟರು.

ಸೋಮವಾರ ಫೈಲಿನಲ್ಲಿ ಬರೆದೆ: 'ಸ್ವಯಂಪ್ರೇರಿತ ಮಾತು. ಒಂದು ಪದ. ಸಂದರ್ಭಕ್ಕೆ ತಕ್ಕದ್ದು. ಚಿಕಿತ್ಸಕಿಯ ತಪ್ಪನ್ನು ತಿದ್ದುವಾಗ.' ಹಿರಿಯ ವೈದ್ಯೆ ಅದನ್ನು ಓದಿ ತಲೆ ಎತ್ತಿದರು. "ಯಾವ ಹಾಡು?" ಫೋನಿನಲ್ಲಿ ಹಾಕಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿ ಕೊನೆಯ ತನಕ ಕೇಳಿದರು. ಹೊರಗೆ ಕಾಯುತ್ತಿದ್ದವರು ಬಾಗಿಲಲ್ಲಿ ಇಣುಕಿ ಹೋದರು. "ಪುಸ್ತಕದಲ್ಲಿ ಹೀಗಿಲ್ಲ" ಎಂದರು. "ಇಲ್ಲ ಡಾಕ್ಟ್ರೆ" ಎಂದೆ. "ಒಬ್ಬರಿಗೆ ಆಯ್ತು ಅಂತ ಎಲ್ಲರಿಗೂ ಆಗುತ್ತೆ ಅಂದ್ಕೋಬೇಡಿ. ಮುಂದುವರಿಸಿ. ಪ್ರತಿ ಸಲದ್ದೂ ಬರೆದಿಡಿ. ಇನ್ನೊಂದ್ಸಲ ಹಾಕಿ ಅದನ್ನ."

ಆಮೇಲೆ ಆ ರಾಗಗಳ ಮೇಲೆಯೇ ಕನ್ನಡ ಕೂರಿಸುತ್ತಾ ಬಂದೆವು. ಹೆಬ್ಬೆಟ್ಟಕ್ಕನ ಮೂರು ಸ್ವರಕ್ಕೆ 'ನೀರು ಕೊಡು'. ಇಥಿಯೋಪಿಯಾದವಳ ಇಳಿಯುವ ಸಾಲಿಗೆ 'ಕಾಲು ನೋಯ್ತದ'. ಸೊಸೆಯನ್ನು ಹೆಸರು ಹಿಡಿದು ಕರೆಯಲು ಒಂದು, ಗಂಡನನ್ನು ಊಟಕ್ಕೆ ಕರೆಯಲು ಒಂದು. ಮೊದಲು ಹಾಡಾಗಿ, ಆಮೇಲೆ ಅರ್ಧ ಹಾಡು ಅರ್ಧ ಮಾತಾಗಿ, ಆಮೇಲೆ ಮಾತಾಗಿ. ಕೆಲವು ಬಂದವು, ಕೆಲವು ಬಂದು ಹೋದವು. ದಣಿದಾಗ ತತ್ತ ಈಗಲೂ ಇಣುಕುತ್ತದೆ. ಉದ್ದನೆಯ ವಾಕ್ಯ ಅವರಿಗೆ ಬರುವುದಿಲ್ಲ, ಬಹುಶಃ ಮುಂದೆಯೂ ಬರಲಾರದು. ಸೋಬಾನೆಯನ್ನು ನನ್ನ ಎದುರು ಅವರು ಎಂದೂ ಹಾಡಿಲ್ಲ, ನಾನು ಕೇಳಿಯೂ ಇಲ್ಲ. ಒಲೆಯ ಮುಂದೆ ಒಬ್ಬರೇ ಇದ್ದಾಗ ಗುನುಗುತ್ತಾರೆ ಎಂದು ಸೊಸೆ ಹೇಳುತ್ತಾಳೆ. ಗಂಡ ಈಗ ಹೊಲದಲ್ಲಿ ಕೆಲಸ ಮಾಡುತ್ತಾ ಲೊಚ್ಚಕ್ಕನನ್ನು ಕೇಳುತ್ತಾರಂತೆ. "ಒಳ್ಳೆ ಗಟ್ಟಿಗಿತ್ತಿ ಕಣವ್ವ ಅವ್ಳು" ಎಂದು ನನ್ನ ಹತ್ತಿರವೇ ಹೇಳಿದರು.

ಕೆಲವು ತಿಂಗಳ ನಂತರ ಆ ಅಮ್ಮ ಮತ್ತೆ ಗುಂಡ್ಲುಪೇಟೆಯ ಕೊಠಡಿಗೆ ಬರಲು ಒಪ್ಪಿದರು. ಆ ದಿನ ಅವರಿಗಿಂತ ಮುಂಚೆ ಇನ್ನೊಬ್ಬರು ಬಂದಿದ್ದರು. ವರ್ಷಗಟ್ಟಲೆ ಲಾರಿ ಓಡಿಸಿದವರು, ಭಾರಿ ಆಳು. ಅವರಿಗೂ ಸ್ಟ್ರೋಕ್, ಅವರಿಗೂ ಮಾತು ಹೋಗಿತ್ತು. ಮೂರು ಬುಧವಾರದಿಂದ ನನ್ನ ಎದುರು ಕೂತು ನೆಲ ನೋಡುವುದು ಬಿಟ್ಟು ಅವರು ಬೇರೇನೂ ಮಾಡಿರಲಿಲ್ಲ. ಅಂದೂ ಅವರ ಸಮಯ ಮುಗಿಯುತ್ತಾ ಬಂದಿತ್ತು. ಬೆಂಚಿನ ಮೇಲೆ ತಮ್ಮ ಸರದಿಗೆ ಕಾದಿದ್ದ ಅಮ್ಮ ಎದ್ದು, ಕಾಲೆಳೆದುಕೊಂಡು ಬಂದು, ಅವರ ಪಕ್ಕದ ಕುರ್ಚಿಯಲ್ಲಿ ಕೂತರು. ನನ್ನನ್ನು ಕೇಳಲಿಲ್ಲ. ಎಡಗೈಯಿಂದ ಮೇಜು ತಟ್ಟುತ್ತಾ ಬುರುಡೆ ಅಕ್ಕನ ಸಾಲು ಎತ್ತಿದರು. ಹಾಡಿ ನಿಲ್ಲಿಸಿ, ಅವರ ಮುಖ ನೋಡಿದರು.

ಲಾರಿಯವರು ನೆಲ ನೋಡಿದರು. ಅಮ್ಮ ಮತ್ತೆ ಎತ್ತಿದರು, ಮತ್ತೆ ನಿಲ್ಲಿಸಿ ಕಾದರು. ಹೊರಗೆ ಒಂದು ಲಾರಿ ಉದ್ದಕ್ಕೆ ಹಾರ್ನ್ ಹೊಡೆಯಿತು, ಅದು ಮುಗಿಯುವ ತನಕವೂ ಕಾದರು. ಆ ಮನುಷ್ಯನ ಎದೆ ಏರಿದ್ದು, ತುಟಿ ಸ್ವಲ್ಪ ಬಿಟ್ಟದ್ದು ನನಗೆ ಕಂಡಿತು. ಅಭ್ಯಾಸಬಲದಿಂದ ನಾನು ಮುಂದೆ ಬಾಗಿ, "ಹಾಂ, ಹೇಳಿ, ಉಸಿರು ಬಿಡಿ" ಎನ್ನಲು ಹೊರಟೆ.

"ಸುಮ್ಕಿರವ್ವ" ಎಂದರು ಅಮ್ಮ, ನನ್ನ ಕಡೆ ತಿರುಗದೆಯೇ.

ನಾನು ಕುರ್ಚಿಗೆ ಒರಗಿ ಕೂತೆ. ಅಮ್ಮ ಮೂರನೆಯ ಸಲ ಸಾಲು ಎತ್ತಿದರು. ನಿಲ್ಲಿಸಿದ ಜಾಗದಲ್ಲಿ, ಒಡಕು ದನಿಯಲ್ಲಿ, ತಡವಾಗಿ, ಆ ಮನುಷ್ಯ 'ಓ' ಎಂದರು.